ಕಟ್ಟಿಗೆಗೆ ಹೋದವಳ ಹೂವು

ಒಬ್ಬ ಮುದುಕಿ ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುತ್ತದೆ ಎಂದು ತಿಳಿದಿದ್ದಳಂತೆ. ಅನಗವಾಡಿಯ ಹಣಮವ್ವ ಆ ಮುದುಕಿಗಿಂತ ಒಂದು ಗೇಣು ಮುಂದೆ. ತಾನು ಹೂವು ತಂದರೇ ಥಂಡಿ ಹೋಗುತ್ತದೆ, ಇಲ್ಲದಿದ್ದರೆ ಅದು ಹೊಳೆದಂಡೆಯಲ್ಲೇ ಬಿಡಾರ ಹೂಡಿ ಕೂಡುತ್ತದೆ ಎಂಬುದು ಅವಳ ನಂಬಿಕೆ. ನಗಬೇಡಿ. ಅವಳ ಮನೆಯ ಮಟ್ಟಿಗೆ ಆ ಮಾತು ಪೂರಾ ಸುಳ್ಳೂ ಆಗಿರಲಿಲ್ಲ.

ಅವರದು ಕುರಿ ಸಾಕುವ ಮನೆತನ, ಕುರಿಗಾರರ ದೇವರಾದ ಬೀರಪ್ಪನ ಒಕ್ಕಲು. ಚಳಿಗಾಲವೆಲ್ಲ ಕುರಿಗಳು ಉಣ್ಣೆ ಹೊತ್ತುಕೊಂಡು ಬೆಚ್ಚಗೆ ತಿರುಗುತ್ತವೆ. ಬಿಸಿಲು ಬಲಿಯುವ ಮೊದಲು ಅದನ್ನು ಕತ್ತರಿಸಬೇಕು. ತಡ ಮಾಡಿದರೆ ಹುಳ ಬಿದ್ದು ಕುರಿ ಮೈ ಕೆರೆದುಕೊಂಡು ಸೊರಗುತ್ತದೆ, ಅವಸರ ಮಾಡಿದರೆ ಬೋಳು ಮೈಗೆ ಥಂಡಿ ಹೊಡೆದು ಕಾಲು ಚಾಚುತ್ತದೆ. ಯಾವ ದಿನ ಕತ್ತರಿ ಹಿಡಿಯಬೇಕು? ಪಂಚಾಂಗದವರನ್ನು ಕೇಳಿದರೆ ಅವರಿಗೇನು ಗೊತ್ತು, ಅವರೇನು ಕುರಿ ಮೇಯಿಸಿದ್ದಾರೆಯೇ! ಅದಕ್ಕೇ ಹಿರಿಯರು ಒಂದು ಕಟ್ಟು ಮಾಡಿಟ್ಟಿದ್ದರು. ಥಂಡಿ ಹೋಗುವಾಗ ಅರಳುವುದು ಮುತ್ತಲ, ಅಂದರೆ ಮುತ್ತುಗ. ಆ ವರ್ಷದ ಮೊದಲ ಮುತ್ತಲ ಹೂವು ಮನೆಯವರಲ್ಲಿ ಯಾರ ಕಣ್ಣಿಗೆ ಬೀಳುತ್ತದೋ ಅವರು ಅದನ್ನು ತಂದು ದೇವರ ಜಗಲಿಯ ಬೀರಪ್ಪನ ಮುಂದೆ ಇಡಬೇಕು. ಅಲ್ಲಿಯವರೆಗೆ ಕತ್ತರಿ ದೇವರ ಗೂಡಿನಲ್ಲಿ, ಕಂಬಳಿಯ ತುಂಡಿನೊಳಗೆ, ಮಲಗಿರುತ್ತದೆ. ಹೂವು ಬಂದ ಮೇಲೆ ಕತ್ತರಿಗೆ ದೇವರ ಭಂಡಾರದ ಅರಿಶಿನ ಹಚ್ಚಿ ಹೊರಗೆ ತೆಗೆಯುವುದು. ಹೂವು ತಂದವರಿಗೆ ಮೊದಲ ಕುರಿಯ ಉಣ್ಣೆ.

ಹಣಮವ್ವ ಮದುವೆಯಾಗಿ ಬಂದ ವರ್ಷದಿಂದ ಆ ಉಣ್ಣೆ ಬೇರೆಯವರ ಪಾಲಾಗಿರಲಿಲ್ಲ. ಗಂಡ ಲಗಮಪ್ಪ, ಮೈದುನ ಜಕ್ಕಪ್ಪ ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಕುರಿಗಳ ಬೆನ್ನು ಹತ್ತಿ ಅಡವಿ ಸುತ್ತುವವರು. ಅವರಿಗೆ ಕಾಣದ ಹೂವು ರೊಟ್ಟಿ ಬಡಿಯುವ ಹಣಮವ್ವನಿಗೆ ಕಾಣುತ್ತಿತ್ತು. ಹೂವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದವಳು ಅಂಗಳದಿಂದಲೇ ಶುರು ಹಚ್ಚುತ್ತಿದ್ದಳು. "ದಿನಾ ಅಡವ್ಯಾಗ ಬಿದ್ದಿರತೀರಿ, ನಿಮ್ಮವು ಕಣ್ಣೋ ಗೋಲಿಗುಂಡೋ? ಈ ಮನ್ಯಾಗ ಥಂಡಿ ಹೋಗಬೇಕಂದ್ರೂ ನಾನ ಬರಬೇಕು!"

ಲಗಮಪ್ಪ ತಂಬಾಕು ತಿಕ್ಕುತ್ತ, "ಖರೆ ಬಿಡ ಹಣಮಿ, ನಮ್ಮ ಕಣ್ಣೇನ ಕಣ್ಣ" ಎನ್ನುತ್ತಿದ್ದ. ಆಗ ಮಾತ್ರ ಜಕ್ಕಪ್ಪನಿಗೆ ಎಲ್ಲಿಲ್ಲದ ಕೆಮ್ಮು ಬರುತ್ತಿತ್ತು. ವರ್ಷವರ್ಷವೂ ಅದೇ ಹೊತ್ತಿಗೆ ಬರುವ ಕೆಮ್ಮು. ಮೈದುನನಿಗೆ ಹೊಟ್ಟೆಕಿಚ್ಚು ಎಂದು ಹಣಮವ್ವ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಹೋದ ಶ್ರಾವಣದಲ್ಲಿ ಲಗಮಪ್ಪ ಹೋಗಿಬಿಟ್ಟ. ಎರಡು ದಿನ ಎದೆ ಹಿಡಿದಂತಾಗಿದೆ ಎಂದ, ಮೂರನೆಯ ದಿನ ಬೀಳಗಿಯ ದವಾಖಾನೆಗೆ ಹೊರಡುವುದರೊಳಗೆ ಮುಗಿದೇಹೋಯಿತು. ಮಾತನಾಡಿಸಲು ಬಂದ ಹೆಂಗಸರ ಮುಂದೆ ಹಣಮವ್ವ ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು. ಸಿಟ್ಟು ಮೂಗಿನ ತುದಿಯಲ್ಲೇ ಇಟ್ಟುಕೊಂಡವಳಿಗೆ ದುಃಖವೂ ಅದೇ ದಾರಿಯಲ್ಲಿ ಬರುತ್ತದೆ. "ಒಂದ ದಿನ ಸುಖಾ ಕೊಟ್ಟಾಂವ ಅಲ್ಲ ಬೇ. ಸೊರ್ ಸೊರ್ ಅಂತ ಅಂಬಲಿ ಕುಡ್ಯಾಂವ. ತನ್ನ ತಂಬಾಕ ಊರಿಗೆಲ್ಲಾ ಹಂಚಾಂವ. ಹಲ್ಲ ಕಟಕಟ ಅನ್ನೂ ಥಂಡ್ಯಾಗ, ಕಟಗಿ ತಗೊಂಬಾ ಅಂತ ನನ್ನ ಗುಡ್ಡಕ್ಕ ಅಟ್ಟಾಂವ. ಹಿತ್ತಲದಾಗ ಕಟಗಿ ರಾಶಿ ಬಿದ್ದಾವಲ್ರಿ ಅಂದ್ರ, ಅವು ಹಸಿ ಅದಾವ ಅನ್ನಾಂವ. ಅವನ ಕಣ್ಣಿಗೆ ಹಿತ್ತಲದ ಕಟಗಿ ಯಾವಾಗ ಒಣಗಿದ್ದವು!" ಎಂದು ಹೇಳುತ್ತ ಹೇಳುತ್ತ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಅವನ ಕಂಬಳಿಯನ್ನು ಮಡಿಚಿ ದೇವರ ಗೂಡಿನ ಕೆಳಗೆ ಇಟ್ಟವಳು ಯಾರಿಗೂ ಮುಟ್ಟಗೊಡಲಿಲ್ಲ.

ಮನೆಯಲ್ಲಿ ಉಳಿದವರು ಮಗ ದುರಗೇಶ, ಅವನ ಹೆಂಡತಿ ಪೂನಮ್, ಪಕ್ಕದ ಖೋಲಿಯಲ್ಲಿ ಜಕ್ಕಪ್ಪ. ಪೂನಮ್ ಹೋದ ವೈಶಾಖದಲ್ಲಿ ಬಂದ ಸೊಸೆ. ತವರು ಸಮೀರವಾಡಿ, ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಪಗಾರಿನವ. ಅವರೂ ಬೀರಪ್ಪನ ಒಕ್ಕಲೇ, ಆದರೆ ಕುರಿ ಬಿಟ್ಟು ಎರಡು ತಲೆಮಾರು ಆಗಿತ್ತು. ಈ ಹುಡುಗಿಗೆ ಎಲ್ಲವೂ ಹೊಸದು, ಎಲ್ಲವನ್ನೂ ಕೇಳಬೇಕು. "ಅತ್ತಿ, ಈ ಬೇವಿನೆಲಿ ಯಾಕ ಹಳದಿ ಆಗಾಕತ್ತಾವು? ಅತ್ತಿ, ಕಡ್ಲಿ ಹೊಲದಾಗ ಮುಂಜಾನೆ ನಡದ್ರ ಕಾಲ ಯಾಕ ಉರೀತಾವು? ಹಿನ್ನೀರಾಗ ಬಂದಾವಲ್ರಿ, ತಲಿಮ್ಯಾಲ ಪಟ್ಟಿ ಇದ್ದ ದೊಡ್ಡ ಬಾತು, ಅವು ಯಾವೂರಾವು?"

"ಯಾವೂರಾವರ ಇರ್ಲಿ, ಥಂಡಿ ಇರೂತನಾ ಇರತಾವ, ಥಂಡಿ ಮುಗದಿಂದ ಹೋಗತಾವ. ನಿಮ್ಮೂರಾಗ ಏನ ಐತಿ, ಹನ್ನೆಲ್ಡ ತಿಂಗಳಾ ಕಬ್ಬ. ಥಂಡಿ ಯಾವುದು, ಬ್ಯಾಸಗಿ ಯಾವುದು ಅಂತ ಗೊತ್ತರ ಹ್ಯಾಂಗ ಆಗಬೇಕ ಪಾಪ" ಎಂದು ಹಣಮವ್ವ ನಗುತ್ತಿದ್ದಳು. ಹೇಳಿಕೊಡುವುದು ಅವಳಿಗೆ ಖುಷಿಯೇ. ಬೇವು ಎಲೆ ಉದುರಿಸುವುದು, ಕೋಗಿಲೆ ಗಂಟಲು ಸರಿ ಮಾಡಿಕೊಳ್ಳುವುದು, ಬಾತುಗಳು ಗುಂಪು ಕಟ್ಟಿ ಬಡಗಣಕ್ಕೆ ಏಳುವುದು, ಎಲ್ಲವನ್ನೂ ಹೇಳಿದಳು. ಮುತ್ತಲ ಹೂವಿನ ಮಾತನ್ನು ಮಾತ್ರ ಅರ್ಧಕ್ಕೇ ನಿಲ್ಲಿಸಿದಳು. ಹುಡುಗಿಯ ಕಣ್ಣು ಬಹಳ ಚುರುಕು ಎಂಬುದು ಅವಳ ಲಕ್ಷ್ಯಕ್ಕೆ ಬಂದಿತ್ತು.

ಸಂಕ್ರಾಂತಿ ಆಯಿತು. ಜೋಳ ಹಾಲುಗಾಳಾಗಿ ಹೊಲಹೊಲಗಳಲ್ಲಿ ಸೀತನಿ ತೆನೆ ಸುಡುವ ಹೊಗೆ ಏಳತೊಡಗಿತು. ಒಂದು ದಿನ ನೆರೆಮನೆಯ ಸಾವಕ್ಕ ಸೀತನಿ ತಿನ್ನುತ್ತ ಕೂತವಳು ಸುಮ್ಮನೆ ಎಂಬಂತೆ ಅಂದಳು. "ಈ ವರ್ಷ ಹೂವ ಪೂನಮ್ಮಗ ಕಾಣತೈತಿ ನೋಡ ಹಣಮವ್ವ. ಅತ್ತಿಗೊಂದ ಕಾಲ, ಸೊಸಿಗೊಂದ ಕಾಲ. ಲಗಮಣ್ಣ ಹೋದ, ಇನ್ನ ನೀನೂ ಕೈ ಬಿಡಬೇಕವ್ವಾ."

ಹಣಮವ್ವ ನಕ್ಕಳು. ಆದರೆ ಆ ಮಾತು ರಾತ್ರಿ ಮಲಗಿದರೂ ತಲೆಯಿಂದ ಹೋಗಲಿಲ್ಲ. ಗಂಡ ಹೋದ, ಕುಂಕುಮ ಹೋಯಿತು, ಸಂತೆಗೆ ಹೋಗಿ ಬರುವ ಯಜಮಾನಿಕೆ ಮಗನ ಕೈಗೆ ಹೋಯಿತು. ಅವಳದೆಂದು ಉಳಿದಿದ್ದದ್ದು ಇದೊಂದು. ಬೀರಪ್ಪನೇ ಆರಿಸಿ ತನ್ನ ಕಣ್ಣಿಗೆ ಹಾಕುತ್ತಿದ್ದ ಹೂವು. ಅದೂ ಹೋದರೆ ಮೂಲೆಯಲ್ಲಿ ಕೂತು ಕಾಳು ಆರಿಸುವ ಮುದುಕಿಯಾದಂತೆಯೇ.

ಮರುದಿನದಿಂದ ಅವಳಿಗೆ ಕಾಲು ನಿಲ್ಲಲಿಲ್ಲ. ಹಸಿರು ಕಡಲೆ ತರುವ ನೆವ, ಬಾರಿಹಣ್ಣಿನ ನೆವ, ಹುಣಸೆಕಾಯಿಯ ನೆವ ಮಾಡಿ ಹೊರಗೆ ಬೀಳುವಳು. ಹಳ್ಳದ ಗುಂಟ ಇದ್ದ ಹಳೆಯ ಮುತ್ತಲ ಗಿಡಗಳನ್ನು ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ನುಂಗಿ ಏಳೆಂಟು ವರ್ಷವಾಗಿತ್ತು. ಉಳಿದ ಗಿಡಗಳ ಕೆಳಗೆ ನಿಂತು ಹಣೆಗೆ ಕೈ ಹಚ್ಚಿ ನೋಡಿದರೆ ಕರಿ ಮೊಗ್ಗು ಹಿಡಿದ ಬೋಳು ಟೊಂಗೆ, ಅಷ್ಟೇ. ಹಿಂದೆಲ್ಲ ಹೀಗೆ ಹುಡುಕಿದ್ದೇ ಇಲ್ಲವಲ್ಲ, ಮತ್ತೇನೋ ಕೆಲಸಕ್ಕೆ ಹೋದಾಗ ಅದು ತಾನೇ ಎದುರು ಬಂದು ನಿಲ್ಲುತ್ತಿತ್ತಲ್ಲ ಎಂದು ನೆನೆದು ಕಂಗಾಲಾದಳು. ಗಂಡನ ಜೊತೆ ಆ ಭಾಗ್ಯವೂ ಹೋಯಿತೇನೋ ಎಂದು ಒಳಗೊಳಗೇ ಅಂಜಿದಳು.

ಅಷ್ಟರಲ್ಲಿ ನಾಲ್ಕು ದಿನ ಬಿಸಿಲು ಚುರುಗುಟ್ಟಿತು. ದುರಗೇಶ ಕಂಬಳಿ ಬಿಟ್ಟು ಬರಿ ಅಂಗಿಯಲ್ಲಿ ಹೊರಟ. ಆ ನಾಲ್ಕನೆಯ ದಿನ ಹಣಮವ್ವ ನಿಂಗಣ್ಣನ ಗಾಣದ ಮನೆಗೆ ಕಬ್ಬಿನ ಹಾಲು ತರಲು ಹೋದಳು. ಹಿನ್ನೀರು ಬಂದ ಮೇಲೆ ಈ ದಂಡೆಗೂ ಕಬ್ಬು ಕಾಲಿಟ್ಟಿತ್ತು, ಕಬ್ಬಿನ ಹಿಂದೆ ಬೆಲ್ಲದ ಗಾಣವೂ ಬಂದಿತ್ತು. ತಂಬಿಗೆ ತುಂಬಿಸಿಕೊಂಡು ತಲೆ ಎತ್ತಿದಳು. ಬೆಲ್ಲ ಕುದಿಸುವ ಒಲೆಯ ಹಿಂದಿನ ಮುತ್ತಲ ಗಿಡದಲ್ಲಿ, ಹೊಗೆಯ ಮರೆಯಲ್ಲಿ, ಕೆಂಪಗೆ ಒಂದು ಗೊಂಚಲು!

"ನನ್ನಪ್ಪಾ ಬೀರಪ್ಪಾ!" ಎಂದವಳೇ ತಂಬಿಗೆಯನ್ನು ನಿಂಗಣ್ಣನ ಕೈಗೆ ತುರುಕಿ, ದೋಟಿಯಿಂದ ಟೊಂಗೆ ಬಾಗಿಸಿ, ಹೂವು ಕಿತ್ತು ಸೆರಗಿಗೆ ಕಟ್ಟಿಕೊಂಡು ಹೊರಟೇಬಿಟ್ಟಳು. ಹಾಲು ಅಲ್ಲೇ ಉಳಿಯಿತು.

ಅಂಗಳದಲ್ಲಿ ವರ್ಷದ ಹಾಡು ಶುರುವಾಯಿತು. "ಎಲ್ಲಿ ಅದಾರ ಕಣ್ಣಿದ್ದವರು? ನೋಡ್ರಿ ಬರ್ರಿ! ದುರಗ್ಯಾ, ನಿನ್ನವು ಕಣ್ಣೋ ಗೋಲಿಗುಂಡೋ?" ಖರೆ ಬಿಡ ಎನ್ನುವವನು ಇರಲಿಲ್ಲ. ಜಕ್ಕಪ್ಪನೂ ಈ ಸಲ ಕೆಮ್ಮಲಿಲ್ಲ. ಹೂವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಎಲ್ಲಿ ಸಿಕ್ತು ವೈನಿ?"

"ನಿಂಗಣ್ಣನ ಗಾಣದ ಹಿಂದ. ಯಾಕ, ಹೂವಿನ ಜಾತಿ ಕೇಳತೀಯೇನ?"

"ಏನಿಲ್ಲ. ನೀವು ತಂದ್ರ ಆತು" ಎಂದ ಜಕ್ಕಪ್ಪ. ಅಣ್ಣ ಹೋದ ಮೊದಲ ವರ್ಷ. ಅತ್ತಿಗೆಯ ಮುಖದ ಮೇಲೆ ಆರು ತಿಂಗಳ ಮೇಲೆ ಬೆಳಕು ಕಂಡಿತ್ತು. ಅದರ ಮೇಲೆ ನೀರು ಎರಚಲು ಅವನಿಗೆ ಬಾಯಿ ಬರಲಿಲ್ಲ.

ಬಾಯಿ ಬಂದದ್ದು ಪೂನಮ್‌ಗೆ. ಅತ್ತೆ ಬಿಟ್ಟು ಬಂದ ಹಾಲು ತರಲು ಗಾಣಕ್ಕೆ ಹೋಗಿ ಬಂದವಳು ಬಾಗಿಲ ಬಳಿ ನಿಂತು ಮೆಲ್ಲಗೆ ಹೇಳಿದಳು. "ಅತ್ತಿ, ಆ ಗಿಡದ ಒಲಿ ಕಡಿ ಟೊಂಗಿಗೆ ಅಷ್ಟ ಹೂ ಅದಾವ್ರಿ. ಈ ಕಡಿ ಎಲ್ಲಾ ಇನ್ನೂ ಮೊಗ್ಗ. ಮತ್ತ ಆ ಬಾತು ಇನ್ನೂ ನೀರಾಗ ಅದಾವು. ಅವು ಹೋಗಿಲ್ಲಂದ್ರ..."

"ಹೌದೌದು, ಕಬ್ಬಿನೂರಿಂದ ಬಂದಾಕಿ ನೀ ನನಗ ಥಂಡಿ ಕಲಸಾಕಿ!" ಹಣಮವ್ವ ಎಲ್ಲರ ಮುಂದೆಯೇ ಸಿಡಿದಳು. "ಮದಲ ರೊಟ್ಟಿ ದುಂಡಗ ಬಡ್ಯೂದ ಕಲಕೋ ಹೋಗ." ಪೂನಮ್ ಕೆಂಪಾಗಿ ಒಳಗೆ ಹೋದಳು. ಸೊಸೆಯ ಮಾತಿನಲ್ಲಿ ಒಂದು ಎಳೆ ಖರೆ ಇದೆ ಎಂದು ಹಣಮವ್ವನ ಒಳಗೆ ಏನೋ ಚುಚ್ಚಿತು. ಚುಚ್ಚಿದ್ದರಿಂದಲೇ ದನಿ ಅಷ್ಟು ಏರಿತ್ತು.

ಹೂವು ಬೀರಪ್ಪನ ಮುಂದೆ ಕೂತಿತು. ಕತ್ತರಿಗೆ ಭಂಡಾರ ಹಚ್ಚಿದರು. ಮರುದಿನ ಮುಂಜಾನೆ ಜಕ್ಕಪ್ಪ ಮತ್ತು ದುರಗೇಶ ದಡ್ಡಿಯಲ್ಲಿ ಕುರಿ ಕೆಡವಿ ಕತ್ತರಿ ಆಡಿಸತೊಡಗಿದರು. ಮೊದಲು ಚುಕ್ಕಿ. ಹಣೆಯಲ್ಲಿ ಬಿಳಿ ಬೊಟ್ಟಿನ ಹಳೆಯ ಕುರಿ ಅದು, ಲಗಮಪ್ಪನ ಕೈಯಿಂದ ರೊಟ್ಟಿ ತಿಂದು ಬೆಳೆದದ್ದು. ಅದರ ಕರಿಯ ಉಣ್ಣೆ ಹಣಮವ್ವನ ಮಡಿಲಿಗೆ ಬಿತ್ತು. ಮಧ್ಯಾಹ್ನ ದಾಟುವ ಹೊತ್ತಿಗೆ ಅರ್ಧ ಹಿಂಡು ಬೋಳಾಗಿ, ನಾಚಿಕೊಂಡಂತೆ ಒಂದಕ್ಕೊಂದು ಒತ್ತಿಕೊಂಡು ನಿಂತಿತ್ತು.

ಇಳಿಹೊತ್ತಿಗೆ ಗಾಳಿ ತಿರುಗಿತು. ಹಿನ್ನೀರಿನ ಮೇಲಿಂದ ಬೀಸಿ ಬಂದದ್ದು ಅಂಗಿಯೊಳಗೆ ಕೈ ಹಾಕಿದಂತೆ ತಣ್ಣಗಿತ್ತು. ಆಕಾಶ ಬೂದಿ ಬಳಿದುಕೊಂಡಿತು, ಸಣ್ಣಗೆ ಹನಿ ಉದುರಿತು. ಮಳೆಯೂ ಅಲ್ಲ, ಇಬ್ಬನಿಯೂ ಅಲ್ಲ, ಹಾಳಾದ್ದು. ಬೋಳು ಕುರಿಗಳು ಬೆನ್ನು ಬಾಗಿಸಿ ನಡುಗತೊಡಗಿದವು. ಚುಕ್ಕಿ ಮುಂಗಾಲು ಮಡಿಚಿ ಕೂತುಬಿಟ್ಟಿತು.

ಜಕ್ಕಪ್ಪ ಕತ್ತರಿ ಕೆಳಗಿಟ್ಟ. ಯಾರೂ ಹಣಮವ್ವನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದೇ ಅವಳಿಗೆ ಬಡಿದಂತಾಯಿತು. ಯಾರಾದರೂ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೋದವನು ಕೂಸಿನಂತೆ ಜೋಪಾನ ಮಾಡಿದ ಹಿಂಡನ್ನು ತನ್ನ ಹಟಕ್ಕೆ ತಾನೇ ಗಾಳಿಗೆ ಕೊಟ್ಟೆನಲ್ಲ ಎಂದು ಎದೆ ಒಡೆದುಕೊಂಡಳು. "ಏನರ ಮಾಡ್ರೋ! ಗೋಣಿಚೀಲ ತರ್ರಿ! ಬೆಂಕಿ ಹಚ್ಚರಿ!" ಎಂದು ಅಂಗಳದ ತುಂಬ ಓಡಾಡಿದಳು.

"ಯವ್ವಾ, ಇಷ್ಟಕ್ಕ ಎಲ್ಲಿ ಚೀಲ ತರೂನು? ಬಯಲಾಗ ಬೆಂಕಿ ಹಚ್ಚಿದ್ರ ಈ ಗಾಳಿಗೆ ನಿಂದರತೈತೇನ?" ಎಂದ ದುರಗೇಶ.

"ಗಾಣಕ್ಕ ಹೊಡಕೊಂಡ ಹೋಗೂನ್ರಿ" ಎಂದಳು ಪೂನಮ್. ಅವಳ ಕೈಯಲ್ಲಿ ಆಗಲೇ ನಾಲ್ಕು ಗೋಣಿಚೀಲಗಳಿದ್ದವು. "ಅಲ್ಲಿ ಒಲಿ ಹಗಲೆಲ್ಲಾ ಉರದ ನೆಲಾ ಕಾದಿರತೈತಿ. ಸಿಪ್ಪಿ ಒಟ್ಟೂ ತಗಡಿನ ಶೆಡ್ಡಿನಾಗ ಗಾಳಿ ಬರೂದಿಲ್ಲ. ಹೂವ ಅರಳಿಸಿದ ಒಲಿ ಕುರಿ ಕಾಯೂದಿಲ್ಲೇನು?"

ಈ ಸಲ ಯಾರೂ ಕಬ್ಬಿನೂರಿನ ಮಾತು ಎತ್ತಲಿಲ್ಲ. ಹಿಂಡು ಎದ್ದಿತು. ಚುಕ್ಕಿ ಏಳಲಿಲ್ಲ. ಹಣಮವ್ವ ಒಳಗೆ ಹೋಗಿ, ದೇವರ ಗೂಡಿನ ಕೆಳಗಿಂದ ಲಗಮಪ್ಪನ ಕಂಬಳಿ ತೆಗೆದು, ಝಾಡಿಸಿ, ಕುರಿಯ ಮೈಗೆ ಸುತ್ತಿದಳು. ಆರು ತಿಂಗಳು ಯಾರಿಗೂ ಮುಟ್ಟಗೊಡದ ಕಂಬಳಿ. ಜಕ್ಕಪ್ಪ ಕುರಿಯನ್ನು ಹೆಗಲಿಗೆ ಹಾಕಿಕೊಂಡ. ಪೂನಮ್ ಚಪ್ಪಲಿ ಸಹ ಮೆಟ್ಟದೆ ಮರಿಗಳನ್ನು ಎರಡು ಬಗಲಲ್ಲಿ ಇರುಕಿಕೊಂಡು ಓಡಿದಳು.

ನಿಂಗಣ್ಣ ಕುರಿಗಳ ಪ್ರವಾಹ ಕಂಡು ಮೊದಲು ಕಿರುಚಿದ. "ಏ, ಏ! ಬೆಲ್ಲಕ್ಕ ಬಾಯಿ ಹಾಕಾಕತ್ತಾವ ನೋಡ್ರಿ!" ಆಮೇಲೆ ಬೋಳು ಬೆನ್ನುಗಳನ್ನು ನೋಡಿದ, ಹಣಮವ್ವನ ಮುಖ ನೋಡಿದ, ದನಿ ಇಳಿಸಿದ. "ಬರ್ಲಿ ಬಿಡ್ರಿ. ಒಲಿ ಹ್ಯಾಂಗೂ ಉರ್ಯಾಕತ್ತೈತಿ. ಬೆಂಕಿಗೇನ ಬಾಡಗಿ ಐತೇನು?" ಎಂದು ಒಲೆಯ ಬಾಯಿಗೆ ಇನ್ನೊಂದು ಹೊರೆ ಕಬ್ಬಿನ ಸಿಪ್ಪೆ ತಳ್ಳಿದ.

ಕುರಿಗಳು ಒಲೆಯ ಸುತ್ತ, ಸಿಪ್ಪೆಯ ರಾಶಿಯ ಮೇಲೆ, ಒಂದರ ಮೇಲೊಂದು ಒರಗಿ ಕೂತವು. ನಡುಕ ಒಂದೊಂದಾಗಿ ನಿಂತಿತು. ಚುಕ್ಕಿಯ ಬಾಯಿಗೆ ಪೂನಮ್ ಬಿಸಿ ಕಬ್ಬಿನ ಹಾಲು ಹನಿಸಿದಳು. ಮೊದಲು ಬಾಯಂಚಿನಿಂದ ಹೊರಗೆ ಸುರಿಯಿತು, ಆಮೇಲೆ ಒಂದು ಗುಟುಕು ಒಳಗೆ ಹೋಯಿತು. ಹಣಮವ್ವ ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೇಲೆ ನೋಡಿದಳು. ಒಲೆಯ ಕಡೆ ಚಾಚಿದ ಟೊಂಗೆ ಒಂದೇ ಕೆಂಪಾಗಿತ್ತು. ಉಳಿದ ಗಿಡವೆಲ್ಲ ಮೊಗ್ಗು ಬಿಗಿಹಿಡಿದು ಚಳಿಯಲ್ಲಿ ನಿಂತಿತ್ತು. ನಿನ್ನೆಯೂ ಹಾಗೆಯೇ ಇತ್ತು. ನೋಡಬೇಕೆನಿಸಿದ್ದನ್ನಷ್ಟೇ ಅವಳು ನೋಡಿದ್ದಳು.

"ಅಂದಬಿಡ ಬೇ" ಎಂದಳು.

"ಏನ್ರಿ ಅತ್ತಿ?"

"ನಾ ಹೇಳಿದ್ದೆ ಅಂತ. ಅಂದಬಿಡ, ಹಗರಾಗತೈತಿ."

ಪೂನಮ್ ಚುಕ್ಕಿಯ ಗಂಟಲು ನೀವಿದಳು. "ಹೂವಿಂದರ ಏನ ತಪ್ಪ ಐತ್ರಿ? ಅದಕ್ಕ ಇಲ್ಲಿ ಬ್ಯಾಸಗಿ ಬಂತು ಅನಸೇತಿ, ಅರಳೇತಿ. ನಿಮಗೂ ಹಂಗ ಅನಸೇತಿ." ಅಷ್ಟು ಹೇಳಿ ಅವಳು ಇನ್ನೊಂದು ಮರಿಯ ಕಡೆ ಎದ್ದು ಹೋದಳು. ಹಣಮವ್ವ ಚುಕ್ಕಿಯ ಮೈಯಿಂದ ಜಾರಿದ ಕಂಬಳಿಯನ್ನು ಎಳೆದು ಸರಿಯಾಗಿ ಹೊದಿಸಿದಳು.

ಬೆಳಗಿನ ಜಾವ ಗಾಳಿ ಬಿದ್ದಿತು. ಹೊತ್ತು ಮೂಡಿದಾಗ ಚುಕ್ಕಿ ಎದ್ದು ನಿಂತು, ಕಂಬಳಿಯನ್ನು ಮೈಯಿಂದ ಕೆಡವಿ, ನಿಂಗಣ್ಣನ ಬೆಲ್ಲಕ್ಕೆ ಬಾಯಿ ಹಾಕಿತು. ಒಂದು ಕುರಿಯೂ ಹೋಗಲಿಲ್ಲ. ಮನೆಗೆ ಬಂದ ಹಣಮವ್ವ ಬಾಡಿದ ಹೂವನ್ನು ಬೀರಪ್ಪನ ಮುಂದಿನಿಂದ ತೆಗೆದಳು. ಕತ್ತರಿಯನ್ನು ಕಂಬಳಿಯ ತುಂಡಿನಲ್ಲಿ ಸುತ್ತಿ ತಿರುಗಿ ಗೂಡಿನೊಳಗಿಟ್ಟಳು. "ನನ್ನ ಹೂವ ಸುಳ್ಳಾತು. ಖರೆ ಹೂವ ಬರೂತನಾ ಉಳದ ಕುರಿ ಮುಟ್ಟಬ್ಯಾಡ್ರಿ" ಎಂದಳು. ಎಲ್ಲರಿಗೂ ಕೇಳುವಂತೆಯೇ ಹೇಳಿದಳು.

ಮುಂದಿನ ದಿನಗಳಲ್ಲಿ ಅವಳು ಹೂವು ಹುಡುಕುವುದನ್ನೇ ಬಿಟ್ಟಳು. ಬೋಳು ಕುರಿಗಳನ್ನು ಹಗಲು ಬಿಸಿಲಿಗೆ, ಸಂಜೆ ಗಾಣಕ್ಕೆ ಒಯ್ಯುವುದೇ ಕೆಲಸವಾಯಿತು. ಹುಡುಕುವುದು ಬಿಟ್ಟ ಮೇಲೆ ಒಂದೊಂದೇ ಕಾಣತೊಡಗಿದವು. ಅಂಗಳದ ಬೇವು ಒಂದೇ ಮುಂಜಾನೆಯಲ್ಲಿ ಅರ್ಧ ಎಲೆ ಉದುರಿಸಿ ಕಸಬರಿಗೆಗೆ ಕೆಲಸ ಕೊಟ್ಟಿತು. ಕುಸುಬೆಯ ಹೊಲ ಹಳದಿಯಿಂದ ಕೇಸರಿಗೆ ಹೊರಳಿತು. ಬಾವಿಯ ಹತ್ತಿರ ಕೋಗಿಲೆಯೊಂದು ಅರ್ಧ ಕೂಗಿ ನಿಲ್ಲಿಸಿತು. ಮಾಘದ ಭಾರತ ಹುಣ್ಣಿಮೆಯ ಹಿಂದುಮುಂದು ಒಂದು ದಿನ ಪೂನಮ್ ಹಿತ್ತಲಿನಿಂದ ಕೂಗಿದಳು. "ಅತ್ತಿ, ಬರ್ರಿ ಲಗೂನ!" ಬಾತುಗಳು ಸಾಲು ಕಟ್ಟಿಕೊಂಡು, ಗದ್ದಲ ಹಾಕುತ್ತ, ಬಡಗಣಕ್ಕೆ ಹೊರಟಿದ್ದವು. ಅತ್ತೆ ಸೊಸೆ ಇಬ್ಬರೂ ಕತ್ತು ನೋಯುವವರೆಗೆ ನೋಡಿದರು.

ಅದರ ಮರುದಿನ ಹಣಮವ್ವ ಮರಿಗಳ ಮೇವಿಗೆ ಸೊಪ್ಪು ತಪ್ಪಲು ತರಲು ಗುಡ್ಡದ ಬದಿಗೆ ಹೋದಳು. ಜಾಲಿಯ ಟೊಂಗೆ ಕಡಿದು ಹೊರೆ ಕಟ್ಟಿ, ಬೆನ್ನು ನೇರ ಮಾಡಿದಾಗ ಎದುರಿಗೇ ಇತ್ತು. ಒಂದೆಲೆಯೂ ಇಲ್ಲದ ಮುತ್ತಲ ಗಿಡ. ಹತ್ತಿರ ಒಲೆಯಿಲ್ಲ, ಹೊಗೆಯಿಲ್ಲ. ಬಯಲ ಗಾಳಿಯಲ್ಲಿ, ತುದಿಯ ಟೊಂಗೆಯಲ್ಲಿ, ಗಿಳಿಯ ಮೂಗಿನಂಥ ಕೆಂಪು ಹೂವು ಬಾಯಿ ಬಿಟ್ಟಿತ್ತು.

ಬೀರಪ್ಪ ತನ್ನ ಕೈ ಬಿಟ್ಟಿರಲಿಲ್ಲ! ಇದನ್ನು ಒಯ್ದರೆ ಹೋದ ಮಾನ ತಿರುಗಿ ಬರುತ್ತದೆ, ಸಾವಕ್ಕನ ಬಾಯಿ ಮುಚ್ಚುತ್ತದೆ, ಎರಡನೆಯ ಮಾತಿಲ್ಲ. ಕೈ ಟೊಂಗೆಯವರೆಗೂ ಹೋಯಿತು. ಅಲ್ಲಿ ನಿಂತಿತು. ಬರಿಗಾಲಲ್ಲಿ ಮರಿಗಳನ್ನು ಇರುಕಿಕೊಂಡು ಓಡಿದ ಹುಡುಗಿ ಕಣ್ಣ ಮುಂದೆ ಬಂದಳು. ನಾ ಹೇಳಿದ್ದೆ ಎಂದು ಅನ್ನದೇ ಎದ್ದು ಹೋದವಳು. ಇದು ಅವಳಿಗೆ ಕಾಣಲಿ ಎನಿಸಿತು ಹಣಮವ್ವನಿಗೆ. ಎನಿಸಿದ್ದಕ್ಕೆ ತನಗೇ ಆಶ್ಚರ್ಯವಾಗಿ, ಮನಸ್ಸು ತಿರುಗುವ ಮೊದಲೇ ಹೊರೆ ಎತ್ತಿಕೊಂಡು ಇಳಿದಳು.

ಮನೆಗೆ ಬಂದು ಹೊರೆಯನ್ನು ಕಟ್ಟೆಗೆ ಒರಗಿಸಿದಾಗ ಪೂನಮ್ ಒಲೆಯ ಮುಂದೆ ರೊಟ್ಟಿ ಮುಗಿಸಿ ಕೈ ತೊಳೆಯುತ್ತಿದ್ದಳು. ಈಗ ಏನು ಹೇಳಬೇಕು? ಹೂವು ಐತಿ, ಹೋಗಿ ತಗೊಂಬಾ ಎಂದರೆ ಅದು ಅವಳು ಕಂಡ ಹೂವಾಗುವುದಿಲ್ಲ.

"ಪೂನಮ್, ಗುಡ್ಡದ ಬದಿಗೆ ಹೋಗಿ ನಾಕ ಕಟಗಿ ತಗೊಂಬಾ ಬೇ."

"ಈಗೇನ್ರಿ? ಹಿತ್ತಲದಾಗ ಕಟಗಿ ರಾಶಿ ಬಿದ್ದಾವಲ್ರಿ ಅತ್ತಿ?"

"ಅವು ಹಸಿ ಅದಾವ."

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅದು ಯಾರ ಮಾತು ಎಂದು ಅವಳಿಗೆ ಕೇಳಿಸಿತು. ಪೂನಮ್ ಗೊಣಗುತ್ತ ಹಗ್ಗ, ಕುಡುಗೋಲು ತೆಗೆದುಕೊಂಡು ಹೊರಟುಹೋದಳು. ಹಣಮವ್ವ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತಳು.

ಒಂದು ವರ್ಷ ಲಗಮಪ್ಪ ಕಟ್ಟಿಗೆಗೆ ಎಂದು ಗುಡ್ಡಕ್ಕೆ ಅಟ್ಟಿದ್ದ. ಗುಡ್ಡದಲ್ಲಿ ಹೂವು. ಒಂದು ವರ್ಷ ಹೊಳೆದಂಡೆಯ ಬಾರಿಹಣ್ಣು ಸಿಹಿ ಅದಾವ ಎಂದಿದ್ದ. ದಂಡೆಯಲ್ಲಿ ಹೂವು. ಕುರಿಯ ಕೊರಳ ಗಂಟೆ ಹಳ್ಳದ ಕಡೆ ಬಿದ್ದೈತಿ, ಹುಡುಕು ಎಂದ ವರ್ಷ ಗಂಟೆ ಸಿಗಲಿಲ್ಲ, ಹೂವು ಸಿಕ್ಕಿತು. ಗಂಟೆ ಮರುದಿನ ಅವನ ಚೀಲದಲ್ಲೇ ಇತ್ತು. ಮರೆತಿದ್ದೆ ಎಂದು ನಕ್ಕಿದ್ದ, ಇವಳು ಕೈ ಎತ್ತಿ ಬೈದಿದ್ದಳು. ವರ್ಷವರ್ಷವೂ ಬೈದಿದ್ದಳು. ಅವನು ಸತ್ತ ಮೇಲೂ ಹೆಂಗಸರ ಮುಂದೆ ಕೂತು ಅದಕ್ಕೇ ಬೈದಿದ್ದಳು. ಎಲ್ಲ ಹೂವನ್ನೂ ಮೊದಲು ಕಂಡವನು ಅವನು. ಒಂದನ್ನೂ ತಾನು ಕಿತ್ತಿರಲಿಲ್ಲ.

"ಅಯ್ಯ ನನ್ನ ಶಿವನ" ಎಂದು ಹಣಮವ್ವ ಹೊಸ್ತಿಲ ಮೇಲೆ ಕುಸಿದಳು. "ಒಂದ ದಿನ ಬಾಯಿ ಬಿಡಲಿಲ್ಲಲ್ಲೋ ಮಾರಾಯಾ." ಶ್ರಾವಣದಲ್ಲಿ ಪೂರಾ ಬಾರದ ಅಳು ಈಗ ಬಂತು. ಅದರಲ್ಲಿ ಸಿಟ್ಟಿರಲಿಲ್ಲ. ಅಷ್ಟೊಂದು ಪ್ರೀತಿ ಇತ್ತೆಂದು ಇಷ್ಟು ತಡವಾಗಿ ತಿಳಿಯಿತಲ್ಲ ಎಂಬ ಸಂಕಟವಿತ್ತು. ಸಂಕಟದ ಜೊತೆಗೇ, ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ಸುಖವೂ ಇತ್ತು. ಅತ್ತು ಮುಗಿಸಿ ಮುಖ ತೊಳೆದುಕೊಂಡಳು.

ಜಕ್ಕಪ್ಪ, ದುರಗೇಶ ಉಣ್ಣಲು ಬಂದು ಕಟ್ಟೆಯ ಮೇಲೆ ಕೂತಿದ್ದರು. ಅಷ್ಟರಲ್ಲಿ ಪೂನಮ್ ಏದುಸಿರು ಬಿಡುತ್ತ ಓಡಿ ಬಂದಳು. ಕಟ್ಟಿಗೆ ಇಲ್ಲ, ಹಗ್ಗವನ್ನೂ ಎಲ್ಲೋ ಬಿಟ್ಟು ಬಂದಿದ್ದಳು. ಕೈಯಲ್ಲಿ ಕೆಂಪು ಹೂವಿನ ಟೊಂಗೆ.

"ಅತ್ತಿ! ನೋಡ್ರಿ! ಬಯಲಾಗಿಂದು, ಒಲಿ ಗಿಲಿ ಏನೂ ಇಲ್ಲ!" ಗಂಡನ ಕಡೆ ತಿರುಗಿದಳು. "ದಿನಾ ಕುರಿ ಹೊಡಕೊಂಡ ಅಲ್ಲೇ ಅಡ್ಡಾಡತೀರಿ, ನಿಮಗ ಕಾಣಲಿಲ್ಲೇನು? ಅತ್ತೀಗೂ ಕಾಣಲಿಲ್ಲ. ನನಗ ಕಾಣ್ತ ನೋಡ್ರಿ!"

ಜಕ್ಕಪ್ಪ ಹೂವು ನೋಡಿದ. ಕಟ್ಟೆಗೆ ಒರಗಿಸಿದ ತಪ್ಪಲ ಹೊರೆಯನ್ನು ನೋಡಿದ. ಅದೇ ಗುಡ್ಡದ ಜಾಲಿ. ಹಣಮವ್ವನ ಕೆಂಪಾದ ಕಣ್ಣು ನೋಡಿದ. ಅವನಿಗೆ ಕೆಮ್ಮು ಬಂತು.

ಹಣಮವ್ವ ಅವನ ಕಾಲು ತುಳಿದಳು. ಗಟ್ಟಿಯಾಗಿಯೇ ತುಳಿದಳು.

"ಖರೆ ಬಿಡವ್ವಾ" ಎಂದಳು ಸೊಸೆಗೆ. "ನಮ್ಮ ಕಣ್ಣೇನ ಕಣ್ಣ." ಮತ್ತೆ ಗೂಡಿನಿಂದ ಕತ್ತರಿ ತರಲು ಒಳಗೆ ಹೋದಳು.